ಹಳೆಯ ಭಾವಚಿತ್ರಗಳು ಮತ್ತು ಅವುಗಳ ಕೆಳಗಿನ ಹೆಸರು: ಸಾರ್ವಜನಿಕರ ಮಾಹಿತಿಗಾಗಿ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿದ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು ಕ್ರಿ.ಶ. 1171ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಬಮ್ಮವ್ವೆ ನಾಯಕಿತಿ ಎಂಬ ಸಿರಿವಂತ ಮಹಿಳೆಯು ಕಟ್ಟಿಸಿದಳು. ಆಕೆಯ ಹೆಸರು ಉಳಿದಿದೆ, ಮುಖದ ಪರಿಚಯ ನಮಗಿಲ್ಲ. ಮೈಸೂರು ಅರಮನೆಯ ಸ್ತ್ರೀಯರ ಒಂದು ಚಿತ್ರದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮುಖಗಳು ಉಳಿದು, ಹೆಸರುಗಳು ಮರೆಯಾಗಿದ್ದವು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದನು. 1805ರ ಸುಮಾರಿಗೆ ಅವನು ರಚಿಸಿದ ತೈಲವರ್ಣ ಚಿತ್ರದಲ್ಲಿ ಆಭರಣಭೂಷಿತರಾದ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ಇವರನ್ನು ನರ್ತಕಿಯರೆಂದೇ ಭಾವಿಸಲಾಗಿತ್ತು. ಇವರಲ್ಲಿ ಇಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರೆಂದೂ, ಬಲಬದಿಯ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ಸೆರಗು ಸರಿಸಿ ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರುತ್ತಿದ್ದಾರೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ 2001ರಲ್ಲಿ ಪ್ರತಿಪಾದಿಸಿದರು. ನಡುವಿನವರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರಿರಬಹುದೆಂಬುದು ಅವರ ಊಹೆ. ಭಾರತದಲ್ಲಿ ಈ ಲಸಿಕೆಯನ್ನು ಮೊದಲು ಹಾಕಿದ್ದು 1802ರಲ್ಲಿ, ಮುಂಬಯಿಯಲ್ಲಿ. ಜನರು ಹೊಸ ಲಸಿಕೆಗೆ ಅಂಜುತ್ತಿದ್ದ ಆ ದಿನಗಳಲ್ಲಿ ರಾಣಿಯೇ ಲಸಿಕೆ ಪಡೆದುದಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ಹೇಳಬೇಕಿಲ್ಲ. ಹೆಸರು ಅಳಿದಾಗ ಈ ಸಂಗತಿಯೂ ಅದರೊಡನೆ ಮರೆಯಾಗಿತ್ತು.

ಇಂಗ್ಲೆಂಡಿನ ಸಿರಿವಂತ ಮನೆತನಗಳ ಸ್ತ್ರೀಯರಿಗೆ ಈ ಗತಿ ಬಾರದಿರಲು ಮೆಜೋಟಿಂಟ್ ಎಂಬ ಮುದ್ರಣಕಲೆಯು ಬಹುಮಟ್ಟಿಗೆ ಕಾರಣ. ಈ ವಿಧಾನದಲ್ಲಿ ತಾಮ್ರದ ಫಲಕವನ್ನು ಹಲ್ಲುಳ್ಳ ಉಪಕರಣದಿಂದ ಪೂರ್ತಿ ತರಿತರಿಯಾಗಿಸುತ್ತಾರೆ. ಹಾಗೆಯೇ ಅಚ್ಚೊತ್ತಿದರೆ ಕಾಗದವೆಲ್ಲ ಮಖಮಲ್ಲಿನಂತೆ ಕಪ್ಪಾಗುವುದು. ಬೆಳಕು ಬೇಕಾದ ಕಡೆ ಫಲಕವನ್ನು ಹೆರೆದು ನುಣುಪುಗೊಳಿಸಿದಂತೆ ಮುಖ, ಕೈ, ರೇಷ್ಮೆಯ ನೆರಿಗೆಗಳು ಕತ್ತಲೆಯೊಳಗಿನಿಂದ ಮೂಡಿಬರುತ್ತವೆ. 1642ರಲ್ಲಿ ಲುಡ್ವಿಗ್ ಫಾನ್ ಸೀಗೆನ್ ಈ ಬಗೆಯಲ್ಲಿ ಮೊದಲು ಅಚ್ಚು ಮಾಡಿದ್ದು ಕೂಡ ಹೆಸ್ಸೆ-ಕಾಸೆಲ್ಲಿನ ಅಮಾಲಿ ಎಲಿಜಬೆತ್ ಎಂಬ ರಾಜಮನೆತನದ ಮಹಿಳೆಯ ಭಾವಚಿತ್ರವನ್ನೇ. ರೆನಾಲ್ಡ್ಸ್ ಬರೆದ ಡೆವನ್‌ಶೈರಿನ ಡಚೆಸ್ ಜಾರ್ಜಿಯಾನಾಳ ಚಿತ್ರವನ್ನು ವ್ಯಾಲೆಂಟೈನ್ ಗ್ರೀನ್ 1780ರಲ್ಲಿ ಇದೇ ರೀತಿ ಅಚ್ಚಿಗಿಳಿಸಿದನು. ಇಂತಹ ಮುದ್ರಣಗಳ ಕೆಳ ಅಂಚಿನಲ್ಲಿ ಸಾಮಾನ್ಯವಾಗಿ ಎಡಕ್ಕೆ ಚಿತ್ರಕಾರನ, ಬಲಕ್ಕೆ ಕೆತ್ತಿದವನ, ನಡುವೆ ಚಿತ್ರದಲ್ಲಿರುವವರ ಹೆಸರನ್ನು ಕೊರೆದಿರುತ್ತಾರೆ.

ಚೌಕಟ್ಟಿಗೆ ಹೊಂದಿಸುವ ಸಲುವಾಗಿ ಈ ಅಂಚನ್ನೇ ಕತ್ತರಿಸಿಬಿಡುವುದು ಹಳೆಯ ಮನೆಗಳಲ್ಲಿ ಸಾಮಾನ್ಯ. ಇಂತಹ ಚಿತ್ರಗಳನ್ನು ಹೊಂದಿರುವವರು ಅಂಚನ್ನು ಕತ್ತರಿಸಬಾರದು. ಹಿಂಬದಿಯ ಬರಹವನ್ನು ಅಳಿಸಬಾರದು. ಪುರಾವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972ರ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಲಾಕೃತಿಗಳು ಪುರಾವಸ್ತುಗಳೆನಿಸುತ್ತವೆ ಮತ್ತು ಖಾಸಗಿ ವ್ಯಕ್ತಿಗಳು ಅವುಗಳನ್ನು ಹೊರದೇಶಕ್ಕೆ ರವಾನಿಸುವಂತಿಲ್ಲ. ಅಧಿಸೂಚಿತ ವರ್ಗಗಳಿಗೆ ಸೇರಿದ ವಸ್ತುಗಳನ್ನು ನೋಂದಣಾಧಿಕಾರಿಯವರಲ್ಲಿ ನೋಂದಾಯಿಸತಕ್ಕದ್ದು. ಅರ್ಜಿ ಸಲ್ಲಿಸುವವರು ಚಿತ್ರದ ಮುಂಭಾಗದ ಛಾಯಾಚಿತ್ರದೊಡನೆ ಕೆಳ ಅಂಚು ಹಾಗೂ ಹಿಂಬದಿಯ ಛಾಯಾಚಿತ್ರಗಳನ್ನೂ ಲಗತ್ತಿಸಿ, ಚಿತ್ರವು ಯಾರಿಂದ ಬಂದಿತೆಂದು ಮನೆಯ ಹಿರಿಯರು ಬಲ್ಲಷ್ಟನ್ನು ಬರೆದಿಡುವುದು ಒಳಿತು.