ಕೂಲರ್ ಹಚ್ಚಿದ್ರೆ ಬಟ್ಟೆ ಒಣಗ್ತಾವೇನು?

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರಿಗೆ ಬಟ್ಟೆ ಒಣಗಿಸೋದು ಸಮಸ್ಯೆನೇ ಅಲ್ಲ. ಏಪ್ರಿಲ್‌ನಲ್ಲಿ ಜೀನ್ಸ್ ಕೂಡ ಮಧ್ಯಾಹ್ನದೊಳಗೆ ಗರಿಗರಿ. ಆದ್ರೆ ಹೋದ ಆಗಸ್ಟ್‌ನಲ್ಲಿ ಜಿಟಿಜಿಟಿ ಮಳೆ ಹಿಡೀತು. ಸಿಂಧನೂರಿನ ನಮ್ಮ ಮನೆಯಲ್ಲಿ ಅವ್ವ ಮಲಗೋ ಕೋಣೆಯಲ್ಲೇ ಹಗ್ಗ ಕಟ್ಟಿದ್ಳು. ವಾರದೊಳಗೆ ಗೋಡೆ ಮೂಲೆಯಲ್ಲಿ ಬೂಷ್ಟು, ಮೊದಲೇ ಉಬ್ಬಸ ಇರೋ ತಮ್ಮನಿಗೆ ರಾತ್ರಿಯೆಲ್ಲ ಕೆಮ್ಮು. ಬೇಗ ಒಣಗಲಿ ಅಂತ ಅಪ್ಪ ಕೂಲರ್ ಹಚ್ಚಿದ್ರು. ಅಲ್ಲೇ ತಪ್ಪಿದ್ದು. ಕೂಲರ್ ಅಂದ್ರೆ ಗಾಳಿಗೆ ನೀರು ಸೇರಿಸೋ ಯಂತ್ರ!

ಲೆಕ್ಕ ನೋಡಿ. 40 ಡಿಗ್ರಿ, ಶೇ 20 ತೇವಾಂಶದ ಗಾಳಿ ಒಂದು ಘನ ಮೀಟರಿಗೆ ಇನ್ನೂ ಸುಮಾರು 40 ಗ್ರಾಂ ನೀರು ಹೀರಬಲ್ಲದು. ಮಳೆಗಾಲದ 28 ಡಿಗ್ರಿ, ಶೇ 80ರ ಗಾಳಿ ಬರೀ 5 ಗ್ರಾಂ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆ ಅಂದ್ರೆ 28 ಘನ ಮೀಟರ್, ಒಟ್ಟು 150 ಗ್ರಾಂ ಅಷ್ಟೇ. ಹಿಂಡಿದ ಬಟ್ಟೆಯಲ್ಲಿ ಎರಡು ಲೀಟರ್ ನೀರಿದ್ರೆ ಉಳಿದದ್ದು ಎಲ್ಲಿಗೆ ಹೋಗ್ಬೇಕು? ಬಟ್ಟೆಯಲ್ಲೇ ಕೂತು ವಾಸನೆ ಬರ್ತದೆ, ಇಲ್ಲಾ ಗೋಡೆ, ಹಾಸಿಗೆ ಹಿಡೀತದೆ.

ಡಿಹ್ಯುಮಿಡಿಫೈಯರ್ ಒಳಗೆ ಫ್ರಿಜ್‌ನಂಥದ್ದೇ ಕಂಪ್ರೆಸರ್. ಗಾಳಿ ತಣ್ಣನೆ ಕಾಯಿಲ್ ಮೇಲೆ ಹಾಯ್ದಾಗ ನೀರು ಹನಿಯಾಗಿ ಡಬ್ಬಿಗೆ ಬೀಳ್ತದೆ. ಆಮೇಲೆ ಅದೇ ಗಾಳಿ ಬಿಸಿ ಕಾಯಿಲ್ ದಾಟಿ ಬರೋದ್ರಿಂದ ಕೋಣೆ ಸ್ವಲ್ಪ ಬಿಸಿಯಾಗ್ತದೆ. ಕಿಟಕಿ ಮುಚ್ಚಿರಬೇಕು, ಇಲ್ಲಾಂದ್ರೆ ಇಡೀ ಸಿಂಧನೂರನ್ನೇ ಒಣಗಿಸೋಕೆ ಹೊರಟ ಹಾಗೆ. 300 ವ್ಯಾಟ್‌ನದು 8 ಗಂಟೆ ಓಡಿದ್ರೆ 2.4 ಯೂನಿಟ್.

ವರ್ಷಕ್ಕೆ ಹದಿನೈದು ದಿನದ ಮಳೆಗೆ ಅದನ್ನ ಕೊಳ್ಳೋದು ನಮ್ಮ ಕಡೆ ದುಡ್ಡು ದಂಡ ಅಂತ ನನಗನಿಸ್ತದೆ. ಮಂಗಳೂರಿನವರ ಮಾತು ಬೇರೆ. ಎಸಿ ಇದ್ದವರಿಗೆ ಡ್ರೈ ಮೋಡ್ ಸಾಕು. ನಾವು ಹಗ್ಗವನ್ನ ಪಡಸಾಲೆಗೆ ತಂದು, ಹಿಂದೆ ಮುಂದೆ ಬಾಗಿಲು ತೆಗೆದ್ವಿ. ಕೂಲರ್‌ನ ನೀರು ಚೆಲ್ಲಿ, ಪಂಪ್ ಆಫ್ ಮಾಡಿ, ಬರೀ ಫ್ಯಾನ್ ಓಡಿಸಿದ್ವಿ. ಒಂದೂವರೆ ದಿನ ಬೇಕಾಯ್ತು.