ಊತವನ್ನಿಳಿಸುವ ಮಾತ್ರೆಯೇ ಊತವನ್ನು ತಂದಾಗ

ಬೇಲಿಯೇ ಎದ್ದು ಹೊಲವನ್ನು ಮೇಯತೊಡಗಿದರೆ ಕಾಯುವರಾರೆಂದು ನಮ್ಮ ಹಿರಿಯರು ಕೇಳುವುದುಂಟು. ಔಷಧಗಳ ವಿಷಯದಲ್ಲಿಯೂ ಅಪರೂಪವಾಗಿ ಇಂತಹ ಪ್ರಸಂಗವೊದಗುವುದು. ಮೈಮೇಲೆ ಪಿತ್ತದ ಗಂಧೆಗಳೆದ್ದಾಗ, ಸೀನು ನೆಗಡಿಗಳು ಕಾಡಿದಾಗ, ನಾವು ಮನೆಯ ಡಬ್ಬಿಯಿಂದ ಮೊದಲು ತೆಗೆಯುವುದು ಸೆಟಿರಿಜಿನ್ ಮೊದಲಾದ ಅಲರ್ಜಿಯ ಮಾತ್ರೆಗಳನ್ನು. ತುರಿಕೆಯನ್ನೂ ಊತವನ್ನೂ ಶಮನಗೊಳಿಸುವುದೇ ಇವುಗಳ ಕೆಲಸ. ಆದರೆ ಈ ಔಷಧಗಳ ವಿವರಣಪತ್ರವನ್ನು ಓದಿದರೆ, ಬಹು ವಿರಳವಾಗಿ ವರದಿಯಾದ ಅಡ್ಡಪರಿಣಾಮಗಳ ಸಾಲಿನಲ್ಲಿ ‘ಆಂಜಿಯೋಎಡಿಮಾ’ ಎಂಬ ಹೆಸರೂ ಕಾಣುವುದು. ಚರ್ಮದ ಆಳದಲ್ಲಿ ಏಳುವ ಊತಕ್ಕೆ ವೈದ್ಯರಿಟ್ಟಿರುವ ಹೆಸರದು. ಊತವನ್ನು ಅಡಗಿಸತಕ್ಕ ಮದ್ದೇ ಊತವನ್ನು ತರುವುದೆಂತು? ಹಾಗಾದಲ್ಲಿ ಮನೆಯವರು ಮಾಡತಕ್ಕದ್ದೇನು? ಇವೆರಡನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ಊತವು ಇಂದು ನಿನ್ನೆಯದಲ್ಲ. ಜರ್ಮನಿಯ ವೈದ್ಯನಾದ ಹೈನ್ರಿಖ್ ಕ್ವಿಂಕೆಯು ೧೮೮೨ರಲ್ಲಿ ಇದನ್ನು ವಿಶದವಾಗಿ ವರ್ಣಿಸಿದುದರಿಂದ, ಬಹುಕಾಲ ಇದು ಆತನ ಹೆಸರಿನಿಂದಲೇ ಕರೆಯಲ್ಪಟ್ಟಿತು. ಗಂಧೆಯು ಚರ್ಮದ ಮೇಲ್ಪದರದಲ್ಲಿ ಏಳುವುದು, ತುರಿಸುವುದು, ಒಂದೊಂದು ಗಂಧೆಯೂ ಸಾಮಾನ್ಯವಾಗಿ ೨೪ ಗಂಟೆಗಳೊಳಗೆ ಮಾಯವಾಗುವುದು. ಆಳದ ಊತವಾದರೋ ರೆಪ್ಪೆ, ತುಟಿ, ನಾಲಗೆ, ಕೈಕಾಲುಗಳಲ್ಲಿ ದಪ್ಪನಾಗಿ ಕಾಣಿಸಿಕೊಳ್ಳುವುದು. ಅದರಲ್ಲಿ ತುರಿಕೆಗಿಂತ ಬಿಗಿತವೂ ನೋವೂ ಹೆಚ್ಚು. ಇಳಿಯಲು ಎರಡು ಮೂರು ದಿನಗಳಾದರೂ ಹಿಡಿಯಬಹುದು. ರೆಪ್ಪೆ ಊದಿದರೆ ಮುಖ ವಿಕಾರವಾದೀತು, ಅಷ್ಟೆ. ನಾಲಗೆ ಗಂಟಲುಗಳು ಊದಿದರೆ ಉಸಿರಿನ ದಾರಿಯೇ ಮುಚ್ಚಿಹೋಗುವ ಭಯವುಂಟು.

ನಮ್ಮ ದೇಹದ ಕೆಲವು ಕಣಗಳಲ್ಲಿ ಹಿಸ್ಟಮಿನ್ ಎಂಬ ದ್ರವ್ಯವು ಅಡಗಿರುವುದು. ಅದು ಹೊರಬಿದ್ದಾಗ ಸಣ್ಣ ರಕ್ತನಾಳಗಳ ಗೋಡೆಗಳು ಸಡಿಲಗೊಂಡು, ರಕ್ತದೊಳಗಿನ ನೀರು ಸುತ್ತಣ ಮಾಂಸಕ್ಕೆ ಜಿನುಗುವುದು, ಅದೇ ಊತ. ಹಿಸ್ಟಮಿನ್ ಬೀಗದ ಕೈಯಂತಿದ್ದರೆ, ಅಲರ್ಜಿಯ ಮಾತ್ರೆಯು ಬೀಗದ ರಂಧ್ರದಲ್ಲಿ ತಾನೇ ಕುಳಿತು ಆ ಕೈಯನ್ನು ಒಳಗೆ ಬಿಡದಂತೆ ತಡೆಯುವುದು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್ ಮರಿ ಸ್ಟಾಬ್ ಎಂಬವರು ೧೯೩೭ರಲ್ಲಿ ಇಂತಹ ಮೊದಲ ದ್ರವ್ಯವನ್ನು ಕಂಡುಹಿಡಿದರು. ಅದು ಮನುಷ್ಯರಿಗೆ ಕೊಡಲಾರದಷ್ಟು ವಿಷಕರವಾಗಿದ್ದಿತು. ಉಪಯೋಗಕ್ಕೆ ಬರುವ ಮದ್ದುಗಳು ಕೆಲವು ವರ್ಷಗಳ ಅನಂತರ ದೊರೆತವು. ೧೯೫೭ರಲ್ಲಿ ಬೊವೆಯವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಇಂತಹ ಉಪಕಾರಿಯಾದ ಮದ್ದನ್ನೇ ಕೆಲವರ ದೇಹವು ಶತ್ರುವೆಂದು ಬಗೆಯುವುದು. ಮಾತ್ರೆಯೊಳಗಿನ ಮೂಲದ್ರವ್ಯವಾಗಲಿ, ಅದಕ್ಕೆ ಬೆರೆಸಿದ ಬಣ್ಣ ಮುಂತಾದುವಾಗಲಿ ಅವರಿಗೆ ಒಗ್ಗದೆ ಊತವನ್ನೆಬ್ಬಿಸಬಹುದು. ಆದರೆ ‘ವರದಿಯಾಗಿದೆ’ ಎಂಬ ಮಾತಿಗೂ ‘ಸಿದ್ಧವಾಗಿದೆ’ ಎಂಬ ಮಾತಿಗೂ ಅಂತರವುಂಟೆಂಬುದನ್ನು ವಾಚಕರು ಮರೆಯಬಾರದು. ಗಂಧೆಯೆದ್ದಿತೆಂದು ಮಾತ್ರೆ ನುಂಗಿದವರಿಗೆ ಆಮೇಲೆ ತುಟಿ ಊದಿಕೊಂಡರೆ, ಆ ಮೂಲವ್ಯಾಧಿಯೇ ಮುಂದುವರಿದು ಊತವಾಗಿರಬಹುದು. ಅದೇ ದಿನ ನುಂಗಿದ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಯೋ, ತಿಂದ ಕಡಲೆಕಾಯಿಯೋ ಸಿಗಡಿಯೋ ಕಾರಣವಾಗಿರಬಹುದು. ಕಾಗೆ ಕೂತಿತು, ಕೊಂಬೆ ಮುರಿಯಿತು. ಅಷ್ಟರಿಂದ ಕಾಗೆಯೇ ಮುರಿಯಿತೆನ್ನಲಾಗದು. ಆದರೂ ಮಾತ್ರೆ ನುಂಗಿದಾಗಲೆಲ್ಲ ಊತವು ಬಂದು, ಬಿಟ್ಟಾಗ ಬಾರದಿದ್ದರೆ, ಸಂದೇಹವು ಬಲಗೊಳ್ಳುವುದು.

ಇಲ್ಲಿ ಮತ್ತೊಂದು ತೊಡಕುಂಟು. ಎಲ್ಲ ಊತಗಳಿಗೂ ಹಿಸ್ಟಮಿನ್ನೇ ಕಾರಣವಲ್ಲ. ರಕ್ತದೊತ್ತಡಕ್ಕಾಗಿ ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಮಾತ್ರೆಗಳನ್ನು ಸೇವಿಸುವ ಕೆಲವರಲ್ಲಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೂ, ತುಟಿ ನಾಲಗೆಗಳು ಇದ್ದಕ್ಕಿದ್ದಂತೆ ಊದಿಕೊಳ್ಳುವುದುಂಟು. ಅದನ್ನು ಮಾಡುವುದು ಬ್ರಾಡಿಕೈನಿನ್ ಎಂಬ ಬೇರೆಯೇ ದ್ರವ್ಯ. ಅಲ್ಲಿ ಅಲರ್ಜಿಯ ಮಾತ್ರೆಯು ಫಲಕೊಡದು. ಮನೆಯ ಅಜ್ಜನಿಗೋ ಅತ್ತೆಯವರಿಗೋ ಹೀಗಾದಾಗ, ‘ಇನ್ನೊಂದು ಮಾತ್ರೆ ಕೊಟ್ಟು ನೋಡೋಣ’ ಎಂದು ಕಾಯುತ್ತ ಕುಳಿತರೆ, ಅಮೂಲ್ಯವಾದ ಹೊತ್ತು ಕಳೆದುಹೋಗುವುದು.

ಹೆಸರು ಬೇರೆಯಾದ ಮಾತ್ರಕ್ಕೆ ಮದ್ದು ಬೇರೆಯಾಗುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಹೈಡ್ರಾಕ್ಸಿಜಿನ್ ಎಂಬ ಹಳೆಯ ಮದ್ದು ದೇಹದಲ್ಲಿ ಮಾರ್ಪಟ್ಟು ಸೆಟಿರಿಜಿನ್ ಆಗುವುದು. ಲಿವೋಸೆಟಿರಿಜಿನ್ ಆ ಸೆಟಿರಿಜಿನ್ನಿನದೇ ಒಂದು ಭಾಗ. ಈ ಮೂವರೂ ಒಂದೇ ಮನೆತನದವರು. ಒಬ್ಬರು ಒಗ್ಗದಿದ್ದವರಿಗೆ ಉಳಿದವರನ್ನೂ ಕೊಡಲಾಗದು. ಅಂಗಡಿಯಲ್ಲಿ ಸಿಕ್ಕುವ ಎಷ್ಟೋ ನೆಗಡಿ ಮಾತ್ರೆಗಳಲ್ಲಿಯೂ ಅಲರ್ಜಿಯ ಮದ್ದು ಪ್ಯಾರಸಿಟಮಾಲ್ ಮುಂತಾದುವುಗಳ ಜೊತೆಗೆ ಬೆರೆತಿರುವುದು. ಆದುದರಿಂದ ಪೊಟ್ಟಣದ ಮೇಲಿನ ದೊಡ್ಡ ಅಕ್ಷರಗಳನ್ನಲ್ಲ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವಿರಲಿ.

ಇನ್ನು ಮಾಡತಕ್ಕದ್ದೇನೆಂದರೆ: ನಾಲಗೆ ದಪ್ಪವಾದರೆ, ದನಿ ಬದಲಾದರೆ, ನುಂಗಲು ಕಷ್ಟವಾದರೆ, ಉಸಿರಾಡುವಾಗ ಸದ್ದಾದರೆ, ತಲೆ ಸುತ್ತಿ ಬಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ತೀವ್ರವಾದ ಅಲರ್ಜಿಯಲ್ಲಿ ಪ್ರಾಣವನ್ನುಳಿಸುವ ಮೊದಲ ಮದ್ದು ತೊಡೆಗೆ ಚುಚ್ಚುವ ಅಡ್ರಿನಲಿನ್, ಅಲರ್ಜಿಯ ಮಾತ್ರೆಯಲ್ಲ. ಊತವು ರೆಪ್ಪೆಗೋ ಕೈಗೋ ಸೀಮಿತವಾಗಿದ್ದರೂ, ಸಂದೇಹವಿರುವ ಮಾತ್ರೆಯನ್ನು ಮತ್ತೆ ನುಂಗದೆ ಅಂದೇ ವೈದ್ಯರನ್ನು ಕಾಣಬೇಕು. ರಕ್ತದೊತ್ತಡದ ಮಾತ್ರೆಯ ಮೇಲೆ ಸಂದೇಹವಿದ್ದರೆ, ಮುಂದಿನ ಹೊತ್ತಿನ ಮಾತ್ರೆಗೆ ಮುಂಚೆಯೇ ವೈದ್ಯರನ್ನು ಕೇಳಬೇಕು. ಹೋಗುವಾಗ ಮಾತ್ರೆಗಳ ಪಟ್ಟಿಗಳೆಲ್ಲವನ್ನೂ ಕೊಂಡೊಯ್ಯತಕ್ಕದ್ದು. ನುಂಗಿದ ಹೊತ್ತು, ಊತ ಬಂದ ಹೊತ್ತು, ಆ ದಿನ ತಿಂದುದು, ಇವನ್ನು ಮನೆಯ ಲೆಕ್ಕದ ಪುಸ್ತಕದಲ್ಲಾದರೂ ಬರೆದಿಟ್ಟರೆ ವೈದ್ಯರಿಗೆ ಬಹಳ ಸಹಾಯವಾಗುವುದು. ಅದೇ ಮಾತ್ರೆಯೋ ಅಲ್ಲವೋ ಎಂದು ಮನೆಯಲ್ಲಿ ಇನ್ನೊಮ್ಮೆ ನುಂಗಿ ಪರೀಕ್ಷಿಸುವ ಸಾಹಸವು ಸರ್ವಥಾ ಕೂಡದು.

ಅಡ್ಡಪರಿಣಾಮಗಳ ವರದಿಯನ್ನು ಸಂಗ್ರಹಿಸಲು ಭಾರತ ಸರ್ಕಾರವು ೨೦೧೦ರಲ್ಲಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ ೧೮೦೦-೧೮೦-೩೦೨೪ ಎಂಬ ಸಂಖ್ಯೆಗೆ ವೆಚ್ಚವಿಲ್ಲದೆ ಕರೆಮಾಡಿ ತಿಳಿಸಬಹುದು. ವಿರಳವಾದ ಅಪಾಯಗಳು ಬೆಳಕಿಗೆ ಬರುವುದು ಇಂತಹ ಬಿಡಿ ವರದಿಗಳು ಒಂದೆಡೆ ಕೂಡಿದಾಗಲೇ.

ಇದನ್ನೋದಿ ಯಾರೂ ಡಬ್ಬಿಯ ಮಾತ್ರೆಗಳನ್ನು ಹೊರಗೆಸೆಯಬೇಕಾಗಿಲ್ಲ. ಅಸಂಖ್ಯ ಜನರಿಗೆ ಅವು ಸುಖನಿದ್ರೆಯನ್ನು ಕೊಟ್ಟಿವೆ, ಕೊಡುತ್ತಲೂ ಇವೆ. ಮನೆಯಲ್ಲಿ ಯಾರಿಗೆ ಯಾವ ಮದ್ದು ಒಗ್ಗದೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಬೇಕೆಂಬುದಷ್ಟೇ ನಮ್ಮ ವಿಜ್ಞಾಪನೆ.