ಕೊಟ್ಟಿಗೆಗೆ ತಂತಿ ಎಳೆಯುವ ಮುನ್ನ

ಕನಕಗಿರಿ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ದನದ ಕೊಟ್ಟಿಗೆ ಮನೆಯಿಂದ ತುಸು ದೂರ, ಹಿತ್ತಲಿನಲ್ಲಿ ಇರುವುದುಂಟು. ಅಲ್ಲಿಗೊಂದು ದೀಪ ಬೇಕೆಂದಾಗ ಮನೆಯ ಪ್ಲಗ್ಗಿನಿಂದ ತೆಳು ವೈರನ್ನು ತಗಡಿನ ಮೇಲೆ ಹಾಯಿಸಬೇಡಿ. ಗಾಳಿಗೆ ಉಜ್ಜಿ ವೈರಿನ ಹೊದಿಕೆ ಸವೆದರೆ ತಗಡಿನಲ್ಲೆಲ್ಲ ವಿದ್ಯುತ್ ಹರಿಯುತ್ತದೆ.

‘ಎಂಸಿಬಿ ಇದೆಯಲ್ಲ’ ಎನ್ನುವಿರಾ? ಲೆಕ್ಕ ಹಾಕಿ ನೋಡಿ. 230 ವೋಲ್ಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಬಳಸುವ ವಿದ್ಯುತ್ ಪ್ರವಾಹ ಸುಮಾರು 40 ಮಿಲಿಆಂಪಿಯರ್. ಅಷ್ಟು ದೇಹದಲ್ಲಿ ಕೆಲವು ಕ್ಷಣ ಹರಿದರೂ ಪ್ರಾಣಾಪಾಯ. 6 ಆಂಪಿಯರಿನ, ಅಂದರೆ 6000 ಮಿಲಿಆಂಪಿಯರಿನ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಅದಿರುವುದು ವೈರು ಸುಡದಂತೆ ತಡೆಯಲು.

ಜೀವ ಉಳಿಸುವುದು ಆರ್‌ಸಿಸಿಬಿ. ಹೋದ ವಿದ್ಯುತ್ತಷ್ಟೂ ಮರಳಿ ಬಂದಿದೆಯೇ ಎಂದು ಅದು ಸದಾ ನೋಡುತ್ತದೆ. 30 ಮಿಲಿಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ದನಗಳ ಮುಂಗಾಲು, ಹಿಂಗಾಲುಗಳ ನಡುವಿನ ಅಂತರ ಹೆಚ್ಚಾದ್ದರಿಂದ ಒದ್ದೆ ನೆಲದಲ್ಲಿ ಸೋರಿದ ವಿದ್ಯುತ್ ನಮಗಿಂತ ಅವಕ್ಕೇ ಹೆಚ್ಚು ಅಪಾಯ.

ಆದ್ದರಿಂದ ಕೊಟ್ಟಿಗೆಗೆ ಮನೆಯ ಮುಖ್ಯ ಬೋರ್ಡಿನಿಂದ ಪ್ರತ್ಯೇಕ ಲೈನು ಇರಲಿ. ಎಂಸಿಬಿ, ಆರ್‌ಸಿಸಿಬಿ ಎರಡೂ ಬೋರ್ಡಿನಲ್ಲೇ ಇರಲಿ. ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಇರುವ ಆರ್ಮರ್ಡ್ ಕೇಬಲನ್ನು ಎರಡೂವರೆ ಅಡಿ ಆಳದಲ್ಲಿ ಮರಳು ಹಾಸಿ, ಮೇಲೆ ಇಟ್ಟಿಗೆ ಜೋಡಿಸಿ ಹೂಳಿಸಿ. ತಗಡು, ಕಬ್ಬಿಣದ ಕಂಬಗಳನ್ನು ಅರ್ತಿಗೆ ಜೋಡಿಸಿರಬೇಕು. ಬೇಸಿಗೆಯಲ್ಲಿ ಮಸಾರಿ ನೆಲ ಒಣಗಿದಾಗ ಅರ್ತ್ ಗುಂಡಿಗೆ ನೀರು ಹಾಕಿ. ಇಡೀ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಿ.

ತಿಂಗಳಿಗೊಮ್ಮೆ ಆರ್‌ಸಿಸಿಬಿಯ ‘ಟೆಸ್ಟ್’ ಬಟನ್ ಒತ್ತಿ ನೋಡಿ. ದೀಪ ಆರದಿದ್ದರೆ ಲೈನು ಬಂದ್ ಮಾಡಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ.